ಐಸಿನ ಹುಡುಗನ ಕೈ

ಬೈತಕೋಲದ ಐಸ್ ಫ್ಯಾಕ್ಟರಿಯಲ್ಲಿ
ನನ್ನದು ಲೆಕ್ಕ ಬರೆಯುವ ಕೆಲಸ.
ಯಾವ ಬೋಟಿಗೆ ಎಷ್ಟು ಗಡ್ಡೆ,
ಯಾರದು ರೋಖ, ಯಾರದು ಉದ್ರಿ.
ರಸೀದಿಯ ಬೆನ್ನು ಮಾತ್ರ ನನ್ನದು.
ಅಲ್ಲಿ ನಾಲ್ಕು ಚೌಕ ಎಳೆದರೆ
ಮೀನಿನ ಕ್ರೇಟು ಒತ್ತಿಗೆ ಜೋಡಿಸಿಟ್ಟಂತೆ;
ನಡುವಿನ ಬಿಳಿ ಸಂದಿಯಲ್ಲಿ
ಹೊತ್ತು ಸೋರಿಹೋಗುತ್ತದೆ.

ನನ್ನ ನಾಯಕ ಗಡ್ಡೆಪ್ಪ, ಐಸಿನ ಹುಡುಗ.
ಬೆಳಗಿನ ಐದಕ್ಕೆ ಅಚ್ಚಿನಿಂದ ಜಾರಿ ಎದ್ದು
ತಲೆಯ ಮೇಲೆ ಬಂಗುಡೆ ಬುಟ್ಟಿ ಹೊತ್ತು
ಕರಗುವುದರೊಳಗೆ ಆದಿತ್ಯವಾರದ ಸಂತೆ ಮುಟ್ಟಬೇಕು.
ಇಷ್ಟೇ ಕಥೆ.
ಮೂರು ವರ್ಷವಾಯಿತು,
ಅವನಿನ್ನೂ ಬಂದರಿನ ಗೇಟು ದಾಟಿಲ್ಲ.

ಪೆನ್ನು ಸರಿಯಿಲ್ಲ ಅಂದೆ,
ಬೆಳಗಾವಿಯಿಂದ ಜಪಾನಿ ಪೆನ್ನು ತರಿಸಿದೆ.
ಹವೆ ಸರಿಯಿಲ್ಲ ಅಂದೆ,
ಉಪ್ಪುಗಾಳಿಗೆ ಕಾಗದ ಮೆತ್ತಗಾದ ಹಪ್ಪಳ.
ಧಾರವಾಡದ ಕಲಾಶಾಲೆಯ ಅರ್ಜಿ ತುಂಬಿ
ಅದರ ಮೇಲೆ ಚಹಾ ಲೋಟ ಇಟ್ಟೆ.
ಕಂದು ಉಂಗುರ ಬಿತ್ತು. ತಾರೀಖು ಕಳೆಯಿತು.
ಭಾವ ರೋಹಿದಾಸ ಕೇಳಿದ,
"ಮೂವತ್ತೊಂದು ತುಂಬ್ತು, ಇನ್ನೂ ಬೊಂಬೆ ಬಿಡಿಸೂದಾ?"
ತಮಾಷೆಗೇ ಕೇಳಿದ್ದು.
ತಮಾಷೆಯೇ ಗಂಟಲಲ್ಲಿ ಹೆಚ್ಚು ದಿನ ಉಳಿಯುವುದು,
ತಾರ್ಲಿ ಮುಳ್ಳಿನ ಹಾಗೆ.

ಜೂನ್ ಬಂತು. ಬೋಟು ಬಂದ್.
ಕಂಪ್ರೆಸರ್ ಸುಮ್ಮನಾದ ಮೇಲೆ ತಿಳಿಯಿತು:
ಇಷ್ಟು ದಿನ ಅದರ ಸದ್ದನ್ನೇ ನಾನು
ಬಿಡುವಿಲ್ಲ ಎಂದು ಕರೆಯುತ್ತಿದ್ದೆ.

ಆಗ ಬಂದಳು ಚಂದ್ರಭಾಗಿ, ಉದ್ರಿ ತೀರಿಸಲು.
ನೋಟು ಎಣಿಸಿ ಕೊಟ್ಟು, ತನ್ನ ರಸೀದಿ ಹುಡುಕುತ್ತ
ಎಲ್ಲವನ್ನೂ ಮಗುಚಿದಳು.
ಮಾತಿನ ಗುಳ್ಳೆಗಳನ್ನು ಓದಲಿಲ್ಲ,
ಅಕ್ಷರದ ಗೊಡವೆ ಅವಳಿಗಿಲ್ಲ.
ಚಿತ್ರದಿಂದ ಚಿತ್ರಕ್ಕೆ ಹೋದಳು,
ಹೊಳೆಯಲ್ಲಿ ಕಲ್ಲಿಂದ ಕಲ್ಲಿಗೆ ಹೋಗುವವಳಂತೆ.
ಒಂದು ಕಡೆ ನಕ್ಕಳು.
ಎಣಿಸುತ್ತಿದ್ದೆ: ಒಂದೇ ಕಡೆ.

"ಇವಂದು ಕೈ ಎಂತಕ್ಕೆ ಮೊದ್ಲೇ ಕರಗ್ತದೆ?"
"ಕಥೆ ಹಾಗೆ," ಎಂದೆ.
"ಸುಳ್ಳು. ಕೈ ಇಲ್ದೆ ಬುಟ್ಟಿ ಇಳ್ಸೂದು ಯಾರು?"

ಸಿಕ್ಕಿಬಿದ್ದೆ.
ಕೈ ನನಗೆ ಬರುವುದಿಲ್ಲ.
ಬೆರಳು ಬಿಡಿಸಿದರೆ ಬೆಂಡೆಕಾಯಿ.
ಮೊದಮೊದಲು ಜೇಬಿನಲ್ಲಿ ಇಳಿಸಿದೆ,
ಆಮೇಲೆ ಬೆನ್ನ ಹಿಂದೆ ಕಟ್ಟಿದೆ,
ಕೊನೆಗೆ ಕೈ ಕರಗಿಹೋಗುವ ನಾಯಕನನ್ನೇ
ಹುಟ್ಟಿಸಿಬಿಟ್ಟೆ.

ಅವಳು ಲೆಕ್ಕದ ಪುಸ್ತಕ ಸರಿಸಿ
ಮೇಜಿನ ಮೇಲೆ ಬಲಗೈ ಇಟ್ಟಳು.
"ಇಕಾ, ಬರಿ. ಬಸ್ಸಿಗೆ ಇಪ್ಪತ್ತು ಮಿಂಟು ಉಂಟು."

ಉಪ್ಪು ತಿಂದು ಬಿಳಿಚಿದ ಗೆರೆಗಳು.
ಅಡ್ಡಕ್ಕೆ ವಾಲಿದ ಹೆಬ್ಬೆರಳು.
ಗಂಟಿನಾಚೆ ಬರಲೊಲ್ಲದ ಹಿತ್ತಾಳೆಯುಂಗುರ.
ತೋರುಬೆರಳಿಗೆ ತುದಿಯಿಲ್ಲ;
ಯಾವಾಗ ಹೋಯಿತೆಂದು ನಾನು ಕೇಳಲಿಲ್ಲ,
ಅವಳು ಹೇಳಲಿಲ್ಲ.
ಮೊದಲನೆಯದು ಬೆಂಡೆಕಾಯಿ.
ಎರಡನೆಯದೂ.
ಐದನೆಯದಕ್ಕೆ ಅಂದಳು,
"ಇದು ನನ್ನದಲ್ಲ, ನನ್ನ ನಾದಿನೀದು."
ಏಳನೆಯದಕ್ಕೆ ಏನೂ ಅನ್ನಲಿಲ್ಲ.
ಹೊರಗೆ ಬಸ್ಸು ಹಾರ್ನ್ ಹಾಕಿ ಹೊರಟುಹೋಯಿತು.
ಬಸ್ಸಿಗೆ ಬೈದಳು, ಡ್ರೈವರನಿಗೆ ಬೈದಳು, ನನಗೂ ಬೈದಳು,
ಕೈ ಮಾತ್ರ ಎತ್ತಲಿಲ್ಲ.

ಈ ರಾತ್ರಿ ಗಡ್ಡೆಪ್ಪ ಹೊಸ ಚೌಕದಲ್ಲಿದ್ದಾನೆ.
ಕಿವಿ ಹೋಗಿದೆ, ಮೂಗು ಹೋಗಿದೆ,
ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿದೆ.
ಬೆರಳು ನಾಲ್ಕೂವರೆ,
ಐದೂ ಗೇಟಿನ ಸರಳು ಹಿಡಿದಿವೆ.
ಇನ್ನು ತಳ್ಳಬೇಕು.

ತಳ್ಳಿದಾಗಿನ ಸದ್ದು ಯಾವುದು? ಕಿರ್ರ್? ಗರಕ್?
ಗಂಟೆ ಒಂದು ದಾಟಿತ್ತು.
ಕೊಡೆ ಹಿಡಿದು ಬಂದರಿಗೆ ನಡೆದೆ.
ವಾಚ್‌ಮನ್ ಗಣಬಾ ಟಾರ್ಚ್ ಬಿಟ್ಟ:
"ಎಂತ ಕಳೀತು?"
ಏನಿಲ್ಲ ಮಾರಾಯ,
ಇನ್ನೊಂದು ಸಲ ತೆಗಿ ಅದನ್ನ,
ನಿಧಾನಕ್ಕೆ.