ಲಘು ಪೆಟ್ಟು

ದೋಣಿಮನೆಯ ಬಾಗಿಲು ತಗ್ಗು. ನನಗೆ ಗೊತ್ತಿತ್ತು,
ಇಪ್ಪತ್ತಾರು ವರ್ಷ ಬಗ್ಗಿಯೇ ಒಳಹೊಕ್ಕವಳು.
ಫೆಬ್ರುವರಿಯ ಒಂದು ಗುರುವಾರ ಬಗ್ಗಲಿಲ್ಲ, ಅಷ್ಟೆ.
ರಕ್ತ ಬರಲಿಲ್ಲ. ಹಾನುಸನ ಪಾರ್ಸೆಲ್ ಕೊಟ್ಟು
ಸಹಿ ಹಾಕಿಸಿಕೊಂಡೇ ಬಂದೆನಂತೆ.
ಅಂತೆ. ಆ ದಿನದ ಮಿಕ್ಕದ್ದೆಲ್ಲ ನನಗೆ ಅಂತೆ.

ಟೋರ್ಸ್‌ಹಾವ್ನ್ ಆಸ್ಪತ್ರೆಯಲ್ಲಿ ತಲೆಯ ಚಿತ್ರ ತೆಗೆದರು.
ಚಿತ್ರ ಚೆನ್ನಾಗಿದೆ. ಕೆಳಗೆ ಬರೆದರು: ಲಘು ಪೆಟ್ಟು.
ಲಘುವೆಂದರೆ ಹಗುರ. ಯಾರಿಗೆ ಹಗುರ, ಎಂದು
ಕೇಳಬೇಕೆಂದುಕೊಂಡೆ. ಬಾಗಿಲ ತನಕ ನೆನಪಿತ್ತು.

ಐದು ಪದ ಹೇಳಿ, ಹತ್ತು ನಿಮಿಷ ಬಿಟ್ಟು ಕೇಳಿದರು.
ಕುರಿ. ಸೇತುವೆ. ಹಸಿರು. ಸಂಜೆ.
ನಾಲ್ಕು ಸಾಕು, ನಿಮ್ಮ ವಯಸ್ಸಿಗೆ, ಎಂದರು.
ಐದನೆಯದು ಬಂದದ್ದು ಮೂರನೆಯ ರಾತ್ರಿ, ಕರೆಯದೆ.
"ಗಾಜು!" ಎಂದು ಕೂಗಿ ಎದ್ದು ಕೂತೆ.
ಟ್ರಾಂಡುರ್ ಪೊರಕೆ ಹಿಡಿದು ಬಂದ, ಎಲ್ಲಿ ಒಡೆಯಿತು ಎಂದು.

ನಕ್ಷೆಯಲ್ಲಿ ಫಾರೋ ದ್ವೀಪಗಳೇ ಒಂದು ಚುಕ್ಕೆ,
ಅದರೊಳಗೆ ನಮ್ಮೂರು, ನಲವತ್ತೊಂದು ಮನೆ.
ನಂಬರು ನೋಡಿದವಳಲ್ಲ ನಾನು.
ಕೆಂಪು ತಗಡು, ಹುಲ್ಲು ಚಾವಣಿ,
ಬೊಗಳುವ ನಾಯಿ, ಬೊಗಳದ ನಾಯಿ,
ಕುರಿಮಾಂಸ ಒಣಗುವ ಗೂಡಿನ ಘಾಟು.
ಕಾಲೇ ಹಂಚುತ್ತಿತ್ತು, ತಲೆ ಬೇರೇನೋ ಯೋಚಿಸುತ್ತಿತ್ತು.
ಈಗ ತಲೆಯನ್ನು ಕೇಳಿ ಕಾಲಿಡಬೇಕು.
ತಲೆ ಹೇಳುತ್ತದೆ: ಇರು.
ಇರುತ್ತೇನೆ, ಗಾಳಿಯಲ್ಲಿ, ಕೈಯಲ್ಲಿ ಯಾರದೋ ಕಾಗದ.

ಅಂಗಡಿಯಲ್ಲಿ ಮೂವರು ಒಟ್ಟಿಗೆ ಮಾತಾಡಿದರೆ
ಫ್ರಿಜ್ಜಿನ ಗುಂಯ್ ಸೇರಿ ನಾಲ್ವರು.
ಕೀಲಿಗೆ ಏನೆನ್ನುತ್ತಾರೆಂದು ಹೊಳೆಯದೆ "ಬಾಗಿಲ ಬೆರಳು" ಎಂದೆ.
ಮೊಮ್ಮಗಳು ಸೋಲ್ಯಾ ಈಗ ಹಾಗೇ ಕರೆಯುತ್ತಾಳೆ,
ಅವಳಮ್ಮ ಗದರುತ್ತಾಳೆ, ನನ್ನನ್ನು ನೋಡದೆ.
"ಅಯ್ಯೋ, ನನಗೂ ಮರೆವು ಕಣೇ," ಎನ್ನುತ್ತಾಳೆ ಬಿಲ್ಲಾ.
ಬಿಲ್ಲಾ, ನೀನು ಮರೆಯುವುದು ಟೋಪಿ.
ನಾನು ಮರೆಯುವುದು, ಹೊರಟಿದ್ದೆ ಎನ್ನುವುದನ್ನು.
(ಹೀಗೆ ಹೇಳಲಿಲ್ಲ. ಇದು ಹೊಳೆದದ್ದು ನಾಲ್ಕು ದಿನ ಕಳೆದು.)

ಮೇ ತಿಂಗಳಲ್ಲಿ ಮತ್ತೆ ಚೀಲ ಹೊತ್ತೆ, ಅರ್ಧ ದಿನ ಮಾತ್ರ.
ಒಂದು ದೂರೂ ಬರಲಿಲ್ಲ.
ಸುಧಾರಿಸುತ್ತಿದ್ದೇನೆ ಎಂದೆ ಟ್ರಾಂಡುರನಿಗೆ.
ಹೂಂ ಎಂದ, ಮೀನಿನ ಮುಳ್ಳು ಬಿಡಿಸುತ್ತಾ, ತಲೆಯೆತ್ತದೆ.

ಜೂನ್. ಕತ್ತಲೇ ಆಗದ ರಾತ್ರಿ, ಕಿಟಕಿಗೆ ಬಂದೆ.
ಹನ್ನೊಂದೂವರೆ. ಹಾನುಸ್ ಒಂದು ಕವರು ಹಿಡಿದು
ಮಾರ್ಯುನಳ ಮನೆಯತ್ತ ಏರುತ್ತಿದ್ದಾನೆ, ಆ ಮಂಡಿಯಲ್ಲಿ.
ಮಾರ್ಯುನ್ ಎರಡು ಕವರು ಹಿಡಿದು ಇಳಿಯುತ್ತಿದ್ದಾಳೆ.
ಇಗರ್ಜಿಯ ಗೋಡೆಯ ಬಳಿ ಇನ್ನೂ ನಾಲ್ವರು,
ಇಸ್ಪೀಟು ಹಂಚಿದ ಹಾಗೆ ಕೈಯಿಂದ ಕೈಗೆ,
ಸದ್ದಿಲ್ಲ. ಅವರಲ್ಲೊಬ್ಬನ ಮೈಮೇಲೆ
ನಾನೇ ಹೆಣೆದ ಸ್ವೆಟರು.

ಇಪ್ಪತ್ತಾರು ವರ್ಷ ಒಂದು ಚೀಟಿ ತಪ್ಪಿಸಿದವಳಲ್ಲ.
ಮೈಯೆಲ್ಲ ಉರಿಯಿತು.
ಬಾಗಿಲಿಗೆ ಬೀಗ ಜಡಿದು ಬಂದೆ, ಇರಲಿ ಅವನು ಹೊರಗೇ ಎಂದು.

ಇಲ್ಲಿಂದ ಮುಂದೆ ಮತ್ತೆ ಅಂತೆ.
ಕಾಫಿಗೆ ನೀರಿಟ್ಟೆನಂತೆ. ಬಡಿದಾಗ ಬಾಗಿಲು ತೆರೆದು
"ಅಯ್ಯೋ, ಈ ಚಳಿಯಲ್ಲಿ ಯಾಕೆ ಹೊರಗಿದ್ದೀಯ?" ಎಂದೆನಂತೆ.
ಕುರಿ ನೋಡಲು ಹೋಗಿದ್ದೆ, ಎಂದನಂತೆ.

ಬೆಳಿಗ್ಗೆ ಕೋಟಿನ ಜೇಬಿನಲ್ಲಿ ಒಂದು ಚೀಟಿ, ನನ್ನದೇ ಅಕ್ಷರ:
ಅವರು ರಾತ್ರಿ ಕಾಗದ ಬದಲಿಸಿಕೊಳ್ಳುತ್ತಾರೆ.
ಸಿಟ್ಟಾಗಿರು.
ಹುಡುಕಿದೆ. ಎದೆಯಲ್ಲೆಲ್ಲೂ ಇರಲಿಲ್ಲ ಅದು.
ಮಡಿಸಿ, ಆಮೇಲೆ ನೋಡೋಣವೆಂದು
ಚೀಲದಲ್ಲಿಟ್ಟೆ, ಉಳಿದ ಕಾಗದಗಳ ಜೊತೆ.
ಯಾರ ಮನೆಗೆ ಹೋಯಿತೋ.

ಮೂರನೆಯ ದಿನ ನಮ್ಮ ಡಬ್ಬಿಯಲ್ಲಿ ಬಿದ್ದಿತ್ತು,
ಸುಕ್ಕು ಬಿಡಿಸಿ, ನೀಟಾಗಿ.