ಹೆಪ್ಪು

ಅಕ್ಕಲಕೋಟೆಯ ನಾಲಾ ಮುಗಿಯುವಲ್ಲಿ ಪತ್ರಾಸಿನ ಶೆಡ್ಡು.
ನೀಲಿ ಬ್ಯಾರಲ್ಲು, ಅದರೊಳಗೆ ಎರಡು ಇದ್ದಿಲ ಸರಳು,
ತಂತಿ, ಮೀಟರು.
ಹದಿನೇಳು ದಿನದಿಂದ ಮುಳ್ಳು ಸೊನ್ನೆ ಬಿಟ್ಟು ಕದಲಿಲ್ಲ.

ಪುಣೆಯಿಂದ ಬಂದ ಪುಡಿಯ ಡಬ್ಬಿ ಮೂಸಿ
ಮುಚ್ಚಳ ಹಾಕಿದ ಧರೆಪ್ಪ:
"ಹೆಪ್ಪು ಸತ್ತೈತ್ರಿ ಬಾಯಾರ."

ಇಪ್ಪತ್ತೆರಡು ವರ್ಷ ಗಟಾರಕ್ಕೆ ಇಳಿದವನು.
ಅಮೋನಿಯಾ ನನಗೆ ಸೂತ್ರ,
ಅವನಿಗೆ ಕಣ್ಣುರಿ;
ಗಾಳಿ ಅಂದರೆ, ತಮ್ಮ ಪರಸ್ಯಾ
ಮೇಲೆ ಬಾರದ ಮಧ್ಯಾಹ್ನ.

ಕಸಾಯಿಖಾನೆ ತಿರುವಿನ ತಳದಿಂದ
ಒಂದು ಬಕೀಟು ಕರಿ ರಾಡಿ ತಂದ,
ನೆರೆಮನೆಯಿಂದ ಮೊಸರು ತರುವಂತೆ
ಮೇಲೆ ಅಂಗೈ ಮುಚ್ಚಿ.
"ಇದು ಜೀವಂತ ಐತಿ."

ಒಂಬತ್ತನೆಯ ರಾತ್ರಿ ಮುಳ್ಳು ಅಲುಗಿತು.
ಕಣ್ಣಿಗೆ ಕಾಣದವು ಸರಳಿಗೆ ಕಚ್ಚಿಕೊಂಡು
ಕರೆಂಟು ಉಣ್ಣುತ್ತ, ನೈಟ್ರೇಟು ಉಸಿರಾಡುತ್ತ
ಬಿಟ್ಟವು ಒಂದು ಗುಳ್ಳೆ.
ಆಮೇಲೆ ಇನ್ನೊಂದು.

ನಾನು ವಹಿಯಲ್ಲಿ ಅಂಕಿ ಬರೆಯುತ್ತಿದ್ದೆ.
ಅವನು ಬಗ್ಗಿ ನೀರಿಗೆ ಮೂಗು ಕೊಟ್ಟು
ಬಹಳ ಹೊತ್ತು ಹಾಗೇ ಇದ್ದ.

"ನಾತಾ ಇಲ್ರಿ. ಏನೂ ಇಲ್ಲ."
"ಸಾರಜನಕ, ಧರೆಪ್ಪ. ಬರೇ ಗಾಳಿ."

ಗುಳ್ಳೆಯೊಂದು ಏರಿ ಒಡೆಯುವವರೆಗೂ ಕಾದು
ಕೇಳಿದ:
"ಒಳಗ ಇದ್ದವರು ಬಿಟ್ಟ ಉಸುರೇನ್ರಿ ಇದು?"