ಸ್ಥಳೀಯ

ಸೋಹಾರದಾಗ ಹಿಲಾಲನಿಗೆ ಮೂರು ತಿಂಗಳು
ವಾಲ್ವು ತಿರುವೋದು ಕಲಿಸಿದೆ,
ಕಿವಿಗೊಟ್ಟು ಪೈಪಿನ ಕೆಮ್ಮು ಕೇಳೋದು ಸುದ್ದಾ.
ಶಾಣ್ಯಾ ಹುಡುಗ. ಕಲಿತ ವಾರಕ್ಕ
ನನ್ನ ಹೆಸರಿನ ಹಾಳಿ ಬಂತು:
ಇನ್ನ ಈ ನೆಲದವರಿಗೇ ಕೆಲಸ.
ತಪ್ಪೇನೈತಿ? ಅವನ ನೆಲ, ಅವನ ಎಣ್ಣಿ.
ಏರ್‌ಪೋರ್ಟಿಗೆ ಅವನೇ ಬಿಟ್ಟ,
ಖರ್ಜೂರದ ಡಬ್ಬಿ ಕೈಗಿಟ್ಟ,
ಮಾರಿ ನೋಡಲಿಲ್ಲ.

ಗಿಣಿಗೇರಿ ಫ್ಯಾಕ್ಟರಿ ಗೇಟಿನ ಮುಂದ
ಮಸಿ ನುಂಗಿಕೋತ ಹದಿನೇಳು ದಿನ ಕೂಗಿದಿವಿ:
ಊರವರಿಗೆ ಕೆಲಸ ಕೊಡ್ರಿ.
ಗಂಟಲು ಬಿದ್ದ ಮ್ಯಾಲ ಪಾಸು ಸಿಕ್ತು.

ಒಳಗ ತ್ರಿನಾಥ, ಒಡಿಶಾದಾಂವ,
ಕುಲುಮಿಯ ಬಣ್ಣ ಓದೋದು ಕಲಿಸ್ತಾನ ನನಗ.
ಹಳದಿ ಇದ್ದರ ತಡಿ,
ಬೆಳ್ಳಗಾದರ ಬಿಡು.

ಒಂದೇ ಮಾತಿಗೆ ತಿಳೀತು.
ತಿಳೀಲಿಲ್ಲ ಅಂದೆ.
ಇನ್ನೊಮ್ಮೆ ಹೇಳು, ತ್ರಿನಾಥ.